ಶಾಲೆಯ ಪುಸ್ತಕಭಂಡಾರವೂ ಅದರ ಬೀಗದ ಕೈಯೂ

(ಸಕ್ರೆಬೈಲಿನಲ್ಲಿ ನೆರೆದ ಸುತ್ತಣ ಶಾಲೆಗಳ ಉಪಾಧ್ಯಾಯರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ವಕೀಲನಾದವನನ್ನು ವಿದ್ಯಾಶಾಲೆಯವರ ಸಭೆಗೆ ಕರೆಯುವುದು ಅಷ್ಟೇನೂ ಕ್ಷೇಮಕರವಾದ ಪದ್ಧತಿಯಲ್ಲ. ನಮ್ಮ ವೃತ್ತಿಯವರಿಗೆ ಎಲ್ಲಿ ಹೋದರೂ ವಾದಿ ಪ್ರತಿವಾದಿಗಳೇ ಕಾಣುವರು. ಆದರೂ ತಾವು ವಿಶ್ವಾಸದಿಂದ ಕರೆದಿರುವಿರಿ. ನಾನೂ ಒಂದು ವ್ಯಾಜ್ಯವನ್ನು ಹೊತ್ತುಕೊಂಡೇ ಬಂದಿರುವೆನು. ಈ ವ್ಯಾಜ್ಯದಲ್ಲಿ ವಾದಿಯು ಶಾಲೆಯ ಬೀರುವಿನೊಳಗೆ ಕುಳಿತಿರುವ ಪುಸ್ತಕ; ಪ್ರತಿವಾದಿಯು ಆ ಬೀರುವಿನ ಬೀಗ. ತೀರ್ಪು ಕೊಡತಕ್ಕವರು ತಾವು.

ಇಂದು ಬೆಳಗ್ಗೆ ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಹಾದಿ ಹಿಡಿದು ಇಲ್ಲಿಗೆ ಬಂದಾಗ, ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬಿಡಾರದ ಆನೆಗಳು ಮೀಯುತ್ತಿದ್ದುವು. ದಡದಲ್ಲಿ ನಿಂತು ನೋಡುತ್ತಿದ್ದ ನನಗೆ ಒಂದು ಸಂಗತಿಯು ಮನಸ್ಸಿಗೆ ನಾಟಿತು. ಈ ಆನೆಗಳನ್ನು ಹಗಲಿನ ಕೆಲಸ ಮುಗಿದ ಮೇಲೆ ಮೇಯುವುದಕ್ಕಾಗಿ ಕಾಡಿಗೆ ಬಿಡುವರು. ಕಾಲಿಗೊಂದು ಸರಪಳಿಯಿರುವುದು, ಆದರೆ ಅದು ಕಂಬಕ್ಕೆ ಬಿಗಿದುದಲ್ಲ, ನೆಲದ ಮೇಲೆ ಎಳೆದುಕೊಂಡು ಹೋಗುವಂಥದು. ಬೆಳಗಾದೊಡನೆ ಮಾವುತನೂ ಕಾವಾಡಿಯೂ ಆ ಸರಪಳಿಯ ಜಾಡನ್ನು ಹಿಡಿದು ಕಾಡು ಹೊಕ್ಕು, ತಮ್ಮ ಆನೆಯನ್ನು ಹುಡುಕಿ ಕರೆತರುವರು. ಕಾಡಿಗೆ ಬಿಟ್ಟರೆ ಆನೆ ಕಳೆದುಹೋದೀತೆಂಬ ಭಯದಿಂದ ಅದನ್ನು ಹಗಲಿರುಳು ಕಟ್ಟಿಯೇ ಹಾಕಿದ್ದರೆ ಏನಾಗುತ್ತಿತ್ತು? ಆನೆಯು ಕಳೆಯುತ್ತಿರಲಿಲ್ಲ ನಿಜ, ಸೊರಗಿ ಸಾಯುತ್ತಿತ್ತು.

ನಮ್ಮ ಶಾಲೆಗಳ ಪುಸ್ತಕಗಳಿಗೆ ನಾವು ಮಾಡಿರುವುದು ಇದನ್ನೇ. ಅನೇಕ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇರುವುದು. ಅದರೊಳಗೆ ಕಥೆಯ ಪುಸ್ತಕಗಳು, ನಿಘಂಟು, ಭೂಪಟಗಳು, ಒಂದು ಭೂಗೋಲ, ಅಯಸ್ಕಾಂತಗಳು, ಪ್ರಿಸಮ್ಮು, ಎಲ್ಲಿಯಾದರೂ ಒಂದು ಸೂಕ್ಷ್ಮದರ್ಶಕ. ಈಚೆಗೆ ಕಂಪ್ಯೂಟರೂ ಪ್ರೊಜೆಕ್ಟರೂ ಬಂದು ಅದರ ಪಕ್ಕದಲ್ಲಿ ಬಟ್ಟೆ ಹೊದ್ದು ಕುಳಿತಿರುವುವು. ವರ್ಷಕ್ಕೊಮ್ಮೆ ಮೇಲಧಿಕಾರಿಗಳು ಬರುವ ದಿನ ಬೀರು ತೆರೆಯುವುದು. ಅವರು ಹೋದೊಡನೆ ಮುಚ್ಚುವುದು. ಪುಸ್ತಕಗಳ ಎಣಿಕೆ ಸರಿಯಾಗಿರುವುದು. ಓದಿದವರ ಎಣಿಕೆ ಮಾತ್ರ ಶೂನ್ಯ.

ಇದು ಉಪಾಧ್ಯಾಯರ ಸೋಮಾರಿತನವೆಂದು ನಾನು ಹೇಳಲೊಲ್ಲೆನು. ಅವರ ಸಂಕಟವನ್ನು ಬಲ್ಲೆನು. ದಾಸ್ತಾನು ವಹಿಯಲ್ಲಿ ಇನ್ನೂರು ಪುಸ್ತಕಗಳೆಂದು ಬರೆದು ಸಹಿ ಹಾಕಿ ಪ್ರಭಾರ ವಹಿಸಿಕೊಂಡಿರುವರು. ವರ್ಗವಾದಾಗ ಆ ಇನ್ನೂರನ್ನೂ ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಕೇಳುವರು. ಇನ್ನೂರನ್ನೂ ಯಾರೂ ಓದದಿದ್ದರೆ ಕೇಳುವವರಿಲ್ಲ. ಹೀಗಿರುವಲ್ಲಿ ಬುದ್ಧಿವಂತನು ಬೀಗ ಹಾಕುವನು. ತಪ್ಪು ಬೀಗ ಹಾಕಿದ ಕೈಯದಲ್ಲ. ಆ ಕೈಯನ್ನು ನಡುಗಿಸಿದ ಭಯದ್ದು.

ಆ ಬೀಗವು ಮಕ್ಕಳಿಗೆ ಮಾಡುವುದೇನೆಂಬುದನ್ನು ನನ್ನ ಅನುಭವದಿಂದಲೇ ಹೇಳಬೇಕಾಗಿದೆ. ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಹೇಳುವುದಿಲ್ಲ. ನಾನು ಏಳನೆಯ ತರಗತಿಯಲ್ಲಿದ್ದಾಗ, ಪರಿವೀಕ್ಷಣೆಯ ದಿನ ನಮ್ಮ ಶಾಲೆಯ ಬೀರುವನ್ನು ತೆರೆದು, ಭೂಪಟಗಳ ಒಂದು ಪುಸ್ತಕವನ್ನು ನಮ್ಮ ಸಾಲಿನವರ ಕೈಗೆ ಕೊಟ್ಟರು. ಅದರಲ್ಲಿ ಕರ್ನಾಟಕದ ಪಟವಿತ್ತು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ನೀಲಿಯ ಎಳೆಯಂತೆ ಹರಿದು ಹೋಗುವುದನ್ನು ನಾನು ಮೊದಲು ಕಂಡದ್ದು ಆ ಪುಟದಲ್ಲಿ. ಸಂಜೆಗೆ ಅದು ಬೀರುವಿನೊಳಗೆ ಹೋಗುವುದೆಂದೂ, ಇನ್ನು ಒಂದು ವರ್ಷ ಅದನ್ನು ಕಾಣಲಾರೆನೆಂದೂ ನನಗೆ ಗೊತ್ತಿತ್ತು. ಯಾರೂ ನೋಡದಾಗ ಆ ಹಾಳೆಯನ್ನು ಹರಿದು ಅಂಗಿಯೊಳಗೆ ಸೇರಿಸಿದೆನು.

ಮರುದಿನ ವಿಚಾರಣೆಯಾಯಿತು. ನನ್ನ ಪಕ್ಕದಲ್ಲಿ ಕುಳಿತಿದ್ದವನು ಕೂಲಿಯವರ ಮಗ. ಅವನ ಅಂಗಿ ಹರಿದಿತ್ತು. ಆದುದರಿಂದ ಹಾಳೆಯನ್ನು ಹರಿದವನೂ ಅವನೇ ಎಂದು ತೀರ್ಮಾನವಾಯಿತು. ಅವನಿಗೆ ಇನ್ನು ಮುಂದೆ ಶಾಲೆಯ ಯಾವ ಪುಸ್ತಕವನ್ನೂ ಮುಟ್ಟಕೂಡದೆಂದು ಆಜ್ಞೆಯಾಯಿತು. ನಾನು ಬಾಯಿ ಬಿಡಲಿಲ್ಲ. ಮರುವರ್ಷ ಅವನು ಶಾಲೆಯನ್ನು ಬಿಟ್ಟನು. ಈ ಕಾರಣದಿಂದಲೇ ಬಿಟ್ಟನೆಂದು ನಾನು ಹೇಳಲಾರೆನು. ಸಾಕ್ಷ್ಯವಿಲ್ಲದುದನ್ನು ವಕೀಲನು ಹೇಳಬಾರದು. ಆದರೆ ಅವನು ಶಾಲೆಯಲ್ಲಿದ್ದ ಕೊನೆಯ ವರ್ಷವೆಲ್ಲ ಅವನ ಕೈಗೆ ಒಂದು ಕಥೆಯ ಪುಸ್ತಕವೂ ಬರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ. ಹಾಳೆಯನ್ನು ಕದ್ದದ್ದು ನನ್ನ ಅಪರಾಧ; ಅದಕ್ಕೆ ಸಮರ್ಥನೆಯಿಲ್ಲ. ಆದರೂ ಕೇಳುವೆನು: ಆ ಪಟವು ವರ್ಷವಿಡೀ ಗೋಡೆಯ ಮೇಲಿದ್ದಿದ್ದರೆ ಅದನ್ನು ಕದಿಯುವ ಬುದ್ಧಿ ನನಗೆ ಬರುತ್ತಿತ್ತೇ?

ಇನ್ನು ಕಾನೂನಿನ ಮಾತು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಅಧಿನಿಯಮವು 2009ರಲ್ಲಿ ಆಗಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯನ್ನು ತೆರೆದು ನೋಡಿರಿ. ಕಟ್ಟಡವೂ ಉಪಾಧ್ಯಾಯರೂ ಹೇಗೆ ಶಾಲೆಗೆ ಅವಶ್ಯವೋ ಹಾಗೆಯೇ ಪ್ರತಿ ಶಾಲೆಯಲ್ಲಿಯೂ ಒಂದು ಗ್ರಂಥಾಲಯವಿರಬೇಕೆಂದೂ, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ, ಕಥೆಯ ಪುಸ್ತಕ ಸಹ ದೊರೆಯಬೇಕೆಂದೂ ಅಲ್ಲಿ ಹೇಳಿದೆ. ಕಲಿಕೆಯ ಸಲಕರಣೆಗಳನ್ನು ಒದಗಿಸುವ ವಿಷಯದಲ್ಲಿ ಅದು ಶಾಲೆಗೆ ಎನ್ನದೆ, ಪ್ರತಿ ತರಗತಿಗೆ ಎನ್ನುತ್ತದೆ. ಈ ಒಂದು ಮಾತಿನಲ್ಲಿ ಎಲ್ಲ ಅರ್ಥವೂ ಅಡಗಿದೆ. ಸಲಕರಣೆಯ ಸ್ಥಾನ ಮುಖ್ಯೋಪಾಧ್ಯಾಯರ ಕೋಣೆಯಲ್ಲ, ಮಕ್ಕಳು ಕುಳಿತಿರುವ ಕೋಣೆ. 1987ರಲ್ಲಿ ಆರಂಭವಾದ ಕಪ್ಪುಹಲಗೆ ಯೋಜನೆಯ ಕಾಲದಿಂದಲೂ ಸರಕಾರವು ಭೂಪಟ, ವಿಜ್ಞಾನದ ಪೆಟ್ಟಿಗೆ, ಪುಸ್ತಕಗಳನ್ನು ಕಳುಹಿಸುತ್ತ ಬಂದಿದೆ. ಕಳುಹಿಸಿದ್ದು ಸಾಲದೆಂಬ ದೂರು ನ್ಯಾಯವೇ. ಆದರೆ ಬಂದದ್ದನ್ನು ಬಳಸದವನ ದೂರಿಗೆ ಬಲವೆಲ್ಲಿ?

ಕಳೆದುಹೋದರೆ ಗತಿಯೇನೆಂದು ಕೇಳುವಿರಿ. ಕೇಂದ್ರ ಸರಕಾರವು 2017ರಲ್ಲಿ ಪ್ರಕಟಿಸಿದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳ ವಿಷಯವಾಗಿಯೇ ಒಂದು ಕಟ್ಟಳೆಯಿರುವುದು. ಒಂದು ವರ್ಷದಲ್ಲಿ ಓದುಗರಿಗೆ ಕೊಟ್ಟ ಅಥವಾ ಅವರು ತೆಗೆದು ನೋಡಿದ ಪ್ರತಿ 1,000 ಪುಸ್ತಕಗಳಿಗೆ 5 ಕಳೆದರೆ ಅದು ಸಹಜವಾದ ನಷ್ಟವೆಂದು ತಿಳಿಯಬಹುದು. ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇರಬಾರದು, ಅಷ್ಟೆ. 1,000 ರೂಪಾಯಿಗೆ ಮೀರಿದ ಬೆಲೆಯ ಪುಸ್ತಕ ಅಥವಾ ಅಪೂರ್ವ ಗ್ರಂಥ ಹೋದರೆ ಮಾತ್ರ ವಿಚಾರಣೆಯು ತಪ್ಪದು. ಈ ನಿಯಮವು ಕೇಂದ್ರದ ಕಚೇರಿಗಳಿಗೆ ಸಂಬಂಧಿಸಿದ್ದು, ನಮ್ಮ ಹಳ್ಳಿಯ ಶಾಲೆಗೆ ನೇರವಾಗಿ ಅನ್ವಯಿಸದು. ಆದರೆ ಅದರ ತತ್ತ್ವವನ್ನು ಗಮನಿಸಿರಿ: ಲೆಕ್ಕವು ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಓದುಗರ ಕೈಗೆ ಹೋದ ಪುಸ್ತಕಗಳ ಮೇಲೆ. ಎಷ್ಟು ಹೆಚ್ಚು ಬಳಕೆಯೋ ಅಷ್ಟು ಹೆಚ್ಚು ರಿಯಾಯಿತಿ. ಈ ತತ್ತ್ವವನ್ನು ನಮ್ಮ ಶಾಲೆಗಳಿಗೂ ಅನ್ವಯಿಸಿರೆಂದು ಶಿಕ್ಷಣ ಇಲಾಖೆಗೆ ಅರಿಕೆ ಮಾಡಿಕೊಳ್ಳಲು ನಮಗೆ ಪೂರ್ಣ ಅಧಿಕಾರವಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ತಂದೆತಾಯಿಗಳೇ ಹೆಚ್ಚಾಗಿರುವರು. ಬಳಕೆಯಿಂದ ಸವೆದ ಪುಸ್ತಕಗಳ ಪಟ್ಟಿಯನ್ನು ಪ್ರತಿವರ್ಷವೂ ಆ ಸಮಿತಿಯ ಮುಂದಿಟ್ಟು ಠರಾವು ಬರೆಯಿಸಿಕೊಳ್ಳಿರಿ. ಬೆಳಕಿನಲ್ಲಿ ಬರೆದ ಲೆಕ್ಕಕ್ಕೆ ಭಯವಿಲ್ಲ.

ಇದಲ್ಲದೆ, ಬೀಗ ಹಾಕಿದರೆ ಪುಸ್ತಕವು ಉಳಿಯುವುದೆಂಬುದೂ ಭ್ರಮೆ. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಇದನ್ನು ಹೇಳಬೇಕೇ? ಜೂನಿನಿಂದ ಮುಚ್ಚಿದ ಬೀರುವನ್ನು ದೀಪಾವಳಿಗೆ ತೆರೆದರೆ ಬೂಷ್ಟಿನ ವಾಸನೆ. ಹಿಂದಿನ ಗೋಡೆಯಿಂದ ಬಂದ ಗೆದ್ದಲು ಪುಟಗಳನ್ನೆಲ್ಲ ಓದಿ ಮುಗಿಸಿರುವುದು. ದಿನವೂ ಕೈಯಾಡುವ ಪುಸ್ತಕಕ್ಕೆ ಗಾಳಿಯಾಡುವುದು. ಮಗುವಿನ ಕೈಯಲ್ಲಿ ಸವೆದ ಪುಸ್ತಕವು ತನ್ನ ಕೆಲಸವನ್ನು ಮಾಡಿ ಸವೆಯುವುದು. ಗೆದ್ದಲಿನ ಪಾಲಾದದ್ದು ಏನನ್ನೂ ಮಾಡದೆ ಸಾಯುವುದು. ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪನೆಯಾಗಿ, ಈ ಜಿಲ್ಲೆಯು ನಾಡಿಗೆಲ್ಲ ಕಾಗದವನ್ನು ಕೊಟ್ಟಿತು. ಆ ಯಂತ್ರಗಳು ಈಚಿನ ವರ್ಷಗಳಲ್ಲಿ ನಿಂತುಹೋದುವು. ಅದನ್ನು ಕಂಡು ಮರುಗುವ ನಾವು, ಅಚ್ಚಾಗಿ ಮನೆಗೆ ಬಂದ ಹಾಳೆಯನ್ನೂ ನಿಲ್ಲಿಸಿಬಿಡುವುದೇ?

ಹಾಗಾದರೆ ಮಾಡತಕ್ಕುದೇನು? ನಾಲ್ಕು ಮಾತುಗಳನ್ನು ಸೂಚಿಸುವೆನು.

ಮೊದಲನೆಯದು, ವೇಳಾಪಟ್ಟಿಯಲ್ಲಿ ವಾರಕ್ಕೊಂದು ಓದಿನ ಅವಧಿಯನ್ನು ಗೊತ್ತುಮಾಡಿರಿ. ಆ ಹೊತ್ತಿನಲ್ಲಿ ಪಾಠವಿಲ್ಲ, ಪ್ರಶ್ನೆಯಿಲ್ಲ. ಉಪಾಧ್ಯಾಯರೂ ತಮ್ಮದೊಂದು ಪುಸ್ತಕವನ್ನು ಹಿಡಿದು ಮಕ್ಕಳ ನಡುವೆ ಕುಳಿತು ಓದಲಿ. ಗುರುಗಳು ಓದುವುದನ್ನು ಕಾಣದ ಮಗುವಿಗೆ ಓದು ಒಳ್ಳೆಯದೆಂದು ಎಷ್ಟು ಹೇಳಿದರೂ ನಂಬಿಕೆ ಹುಟ್ಟದು.

ಎರಡನೆಯದು, ಪುಸ್ತಕವನ್ನು ಸಂಜೆ ಊರಿಗೆ ಬಿಡಿರಿ. ಕೊಟ್ಟ ದಿನ, ಮಗುವಿನ ಹೆಸರು, ಹಿಂದಿರುಗಿದ ದಿನ ಎಂಬ ಮೂರು ಗೆರೆಗಳ ವಹಿಯೊಂದಿರಲಿ. ಅದೇ ಆನೆಯ ಕಾಲಿನ ಸರಪಳಿ. ಹಿಂದೆ ಯೂರೋಪಿನಲ್ಲಿ ಗ್ರಂಥಗಳನ್ನು ಸರಪಳಿಯಿಂದ ಮೇಜಿಗೆ ಬಿಗಿಯುತ್ತಿದ್ದರು, ಪುಸ್ತಕವು ಹೋಗಬಾರದೆಂದು. ನಮ್ಮ ಮಾವುತರ ಸರಪಳಿಯು ಅದಕ್ಕಿಂತ ಜಾಣತನದ್ದು, ಹೋದದ್ದು ಸಿಕ್ಕಬೇಕೆಂದು. ಆ ವಹಿಯನ್ನು ಬರೆಯುವ ಕೆಲಸವೂ ಮಕ್ಕಳದೇ ಆಗಲಿ.

ಮೂರನೆಯದು, ಪಾಠಕ್ಕೂ ಸಲಕರಣೆಗೂ ಗಂಟು ಹಾಕಿರಿ. ಹಗಲು ರಾತ್ರಿಗಳ ಪಾಠವಿದ್ದ ದಿನ ಭೂಗೋಲವು ಮಕ್ಕಳ ಕೈಯಲ್ಲಿ ತಿರುಗಲಿ. ತುಂಗೆಯ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಅವರೇ ನೋಡಲಿ. ಆನೆಯ ಪಾಠ ಬಂದಾಗ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವನ್ನೋ, ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳಾಗಿ ಬಂದ ಜ್ಞಾನಗಂಗೋತ್ರಿಯನ್ನೋ ತೆರೆದು ಓದಿಸಿರಿ. ಆ ಮೇಲೆ ಬಿಡಾರಕ್ಕೆ ಕರೆದೊಯ್ದು ಮಾವುತರನ್ನು ಕೇಳಿಸಿರಿ. ಪುಸ್ತಕದಲ್ಲಿದ್ದು ಮಾವುತರು ಹೇಳದುದೇನು, ಮಾವುತರು ಹೇಳಿ ಪುಸ್ತಕದಲ್ಲಿಲ್ಲದುದೇನು ಎಂಬುದನ್ನು ಮಕ್ಕಳು ಬರೆಯಲಿ. ಆ ಬರಹಗಳನ್ನು ಹೊಲಿದು ರಟ್ಟು ಹಾಕಿದರೆ, ಸಕ್ರೆಬೈಲಿನಲ್ಲಲ್ಲದೆ ಬೇರೆಲ್ಲಿಯೂ ದೊರೆಯದ ಒಂದು ಗ್ರಂಥವು ನಿಮ್ಮ ಭಂಡಾರಕ್ಕೆ ಸೇರುವುದು.

ನಾಲ್ಕನೆಯದು, ಶಾಲೆಯ ಭಂಡಾರವು ಚಿಕ್ಕದಾದರೆ ನೆರೆಯ ಭಂಡಾರವನ್ನು ಕೂಡಿಕೊಳ್ಳಿರಿ. 1965ರ ಗ್ರಂಥಾಲಯ ಅಧಿನಿಯಮದಿಂದ ನಾವು ಆಸ್ತಿಯ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಿರುವೆವು. ಪಂಚಾಯತಿಗಳ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡುವ ಓದುವ ಬೆಳಕು ಎಂಬ ಕಾರ್ಯಕ್ರಮವು 2020ರಲ್ಲಿ ಆರಂಭವಾಯಿತು. ಶಿವಮೊಗ್ಗೆಯಲ್ಲಿ 1930ರಿಂದ ಕರ್ನಾಟಕ ಸಂಘವು ಕನ್ನಡದ ಕೆಲಸವನ್ನು ನಡೆಸುತ್ತ ಬಂದಿದೆ. ಕೇಳಿದರೆ ಪುಸ್ತಕ ಕೊಡುವವರಿರುವರು. ಕೇಳುವ ಬಾಯಿ ಬೇಕು.

ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದೇ ಅವುಗಳ ಮೊದಲನೆಯದರ ಸಾರ. ಆ ಮಹನೀಯರು ತಮ್ಮ ಕೊನೆಯ ಕಾಲವನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಇಷ್ಟು ಹತ್ತಿರದಲ್ಲಿ ಬಾಳಿದವರ ಮಾತು ನಮ್ಮ ಬೀರುಗಳವರೆಗೆ ಬರಲು ಇನ್ನೆಷ್ಟು ವರ್ಷ ಬೇಕು?

ಕಡೆಯದಾಗಿ ಒಂದು ಮಾತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದು ಗೆರೆಯ ಮೇಲೆ ಒಂದಾಗುವುದಕ್ಕೆ ಎಷ್ಟೋ ಮೊದಲು ಓದುಗರ ಮನಸ್ಸಿನಲ್ಲಿ ಒಂದಾಗಿತ್ತು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿದಾಗ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ, ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿತ್ತು. ವಕೀಲಿಯನ್ನು ಬಿಟ್ಟು ನಾಡಿನ ಕೆಲಸಕ್ಕೆ ನಿಂತ ಆಲೂರು ವೆಂಕಟರಾಯರು 1917ರಲ್ಲಿ ಕರ್ನಾಟಕ ಗತವೈಭವವನ್ನು ಅಚ್ಚು ಹಾಕಿಸಿದಾಗ, ಅದು ಕೈಯಿಂದ ಕೈಗೆ ನಡೆದದ್ದರಿಂದ ನಾಡು ಎಚ್ಚರವಾಯಿತು. ಬೀರುವಿನಲ್ಲಿ ಕುಳಿತಿದ್ದರೆ ಆಗುತ್ತಿರಲಿಲ್ಲ. ಇಂದಿಗೂ ಕಾಸರಗೋಡಿನಲ್ಲಿ, ಜತ್ತ ಅಕ್ಕಲಕೋಟೆಗಳಲ್ಲಿ ಕನ್ನಡದ ಶಾಲೆಗಳಿರುವುವು. ಅಲ್ಲಿಯ ಮಗುವಿಗೆ ಬೀದಿಯ ಹಲಗೆಗಳಲ್ಲಿ ದೊರೆಯದ ಕನ್ನಡವು ದೊರೆಯುವ ಸ್ಥಳವೆಂದರೆ ಶಾಲೆಯ ಪುಸ್ತಕವೇ. ನಮ್ಮಲ್ಲಿ ಎರಡೆರಡು ಪ್ರತಿಗಳಿರುವ ಪುಸ್ತಕಗಳನ್ನು ಅಲ್ಲಿಗೆ ಕಳುಹಿಸೋಣ. ಆದರೆ ಮೊದಲು ನಮ್ಮಲ್ಲಿ ಏನಿದೆಯೆಂಬುದನ್ನು ತಿಳಿಯಲು ಬೀರು ತೆರೆಯಬೇಕಷ್ಟೆ!

ಉಪಾಧ್ಯಾಯ ಬಂಧುಗಳೇ, ನಾಳೆ ಶಾಲೆಗೆ ಹೋದೊಡನೆ ಆ ಬೀಗದ ಕೈಯನ್ನು ಏಳನೆಯ ತರಗತಿಯ ಒಬ್ಬ ಹುಡುಗಿಯ ಕೈಗೆ ಕೊಡಿರಿ. ಬಳಕೆಯಲ್ಲಿ ಹೋದ ಪುಸ್ತಕಕ್ಕಾಗಿ ತಮ್ಮಲ್ಲಿ ಯಾರಿಗಾದರೂ ನೋಟೀಸು ಬಂದರೆ ನನ್ನ ಬಳಿಗೆ ಬನ್ನಿರಿ. ಉತ್ತರವನ್ನು ನಾನು ಬರೆದುಕೊಡುವೆನು, ಶುಲ್ಕವಿಲ್ಲ. ನಾನು ಕದ್ದ ಆ ಹಾಳೆಯು ಇಂದಿಗೂ ನನ್ನಲ್ಲಿದೆ. ಈ ವಾರ ಅದನ್ನು ಒಂದು ಹೊಸ ಭೂಪಟದ ಪುಸ್ತಕದೊಡನೆ ಆ ಶಾಲೆಗೆ ಒಪ್ಪಿಸಿ, ಅದನ್ನು ಹರಿದವನು ಯಾರೆಂಬುದನ್ನು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡುವೆನು. ಆ ಗೆಳೆಯನು ಎಲ್ಲಿರುವನೋ ತಿಳಿಯದು. ಅವನಿಗೆ ನಾನು ಸಲ್ಲಿಸಬಹುದಾದುದು ಇನ್ನು ಇಷ್ಟೆ: ಅವನಂಥ ಮತ್ತೊಬ್ಬ ಹುಡುಗನಿಗೆ ಪುಸ್ತಕವು ತಪ್ಪದಂತೆ ನೋಡಿಕೊಳ್ಳುವುದು. ಅದರಲ್ಲಿ ತಾವೂ ಪಾಲುಗಾರರಾಗಬೇಕೆಂದು ಪ್ರಾರ್ಥಿಸುವೆನು.