ಅರ್ಧ ಉಳಿದ ಡಬ್ಬಿ



‘ಮಕ್ಕಳು ಮತ್ತು ಸ್ನೇಹ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಹೇಳಲು ಕರೆದಿದ್ದೀರಿ. ನಾನು ಮನಶ್ಶಾಸ್ತ್ರ ಓದಿದವಳಲ್ಲ, ಮುಲುಂಡಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸಿದ ತಾಯಿ. ಆದ್ದರಿಂದ ನಾನು ಮಾಡಿದ ಒಂದು ತಪ್ಪಿನಿಂದಲೇ ಆರಂಭಿಸುತ್ತೇನೆ.

ಮುಂಬಯಿಯ ಅನೇಕ ಶಾಲೆಗಳಲ್ಲಿ ಪ್ರೈಮರಿ ನಾಲ್ಕನೆಯ ತರಗತಿಗೆ ಮುಗಿಯುತ್ತದೆ. ಐದಕ್ಕೆ ಬೇರೆ ಕಟ್ಟಡ, ಕೆಲವೊಮ್ಮೆ ಬೇರೆ ಶಾಲೆಯೇ. ನನ್ನ ಮಗಳು ಐದನೆಯ ತರಗತಿಗೆ ಹೋದಾಗ ಪೂರ್ವದಿಂದ ಪಶ್ಚಿಮಕ್ಕೆ, ರೈಲ್ವೆ ಹಳಿಯ ಆಚೆ ಹೋದಳು. ಅವಳ ಜೀವದ ಗೆಳತಿ, ನಮ್ಮ ಕಟ್ಟಡದ ಹತ್ತಿರದ ಗುಜರಾತಿ ಹುಡುಗಿ, ಬೇರೆ ಶಾಲೆ ಸೇರಿದಳು. ಮೇ ರಜೆಯಲ್ಲಿ ನಾವು ಊರಿಗೆ ಹೋಗಿದ್ದೆವು. ಜೂನ್‌ನಲ್ಲಿ ಮಳೆಯೊಂದಿಗೆ ಶಾಲೆ ಶುರುವಾಯಿತು. ಪ್ರತಿದಿನ ಡಬ್ಬಿ ಅರ್ಧ ತುಂಬಿಕೊಂಡೇ ಮನೆಗೆ ಬರುತ್ತಿತ್ತು.

“ನೀರ್‌ದೋಸೆ ಬೇಡವಾದರೆ ಹೇಳು, ಬೆಳಿಗ್ಗೆ ಐದಕ್ಕೆ ಎದ್ದು ಮಾಡುವುದು ಯಾರಿಗಾಗಿ?” ಎಂದು ಗದರಿದೆ. ಅತ್ತಾಗ, “ಹೊಸ ಫ್ರೆಂಡ್ಸ್ ಸಿಗ್ತಾರೆ ಬಿಡು” ಎಂದೆ. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಅವಳೇ ಹೇಳಿದಳು: “ಅಮ್ಮಾ, ಅದು ಅವಳ ಅರ್ಧ. ನಾನು ತಿಂದರೆ ಅವಳಿಗೆ ಏನು ಉಳಿಯುತ್ತೆ?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಬಾಲ್ಯ ನೆನಪಾಯಿತು. ನಾನು ಓದಿದ್ದು ಮುನ್ಸಿಪಲ್ ಕನ್ನಡ ಶಾಲೆಯಲ್ಲಿ. ಅದು ಏಳನೆಯ ತರಗತಿವರೆಗೆ ಮಾತ್ರ. ಮುಂದೆ ಕನ್ನಡದಲ್ಲೇ ಓದಬೇಕಾದರೆ ರೈಲು ಹತ್ತಬೇಕು. ನನ್ನ ಅಪ್ಪ ಪಾಸ್ ಮಾಡಿಸಿಕೊಟ್ಟರು. ನನ್ನ ಬೆಂಚಿನ ಗೆಳತಿಯನ್ನು ಅವಳ ಮನೆಯವರು ಊರಿಗೆ ಕಳಿಸಿಬಿಟ್ಟರು. ಎರಡು ಇನ್‌ಲ್ಯಾಂಡ್ ಪತ್ರ ಬಂದವು. ಎರಡನೆಯದಕ್ಕೆ ನಾನು ಉತ್ತರ ಬರೆಯಲಿಲ್ಲ. ಇಂದಿಗೂ ಅದು ಮನಸ್ಸನ್ನು ಚುಚ್ಚುತ್ತದೆ. ನನ್ನ ನೋವನ್ನು ನಾನೇ ಮರೆತು, ಮಗಳ ನೋವನ್ನು ಹಟ ಎಂದುಕೊಂಡಿದ್ದೆ.

ಮರುದಿನವೇ ಆ ಹುಡುಗಿಯ ತಾಯಿಗೆ ಫೋನ್ ಮಾಡಿದೆ. ಅವರ ಮನೆಯಲ್ಲೂ ಇದೇ ಕತೆ! ಭಾನುವಾರ ಸಂಜೆ ಇಬ್ಬರನ್ನೂ ಸೇರಿಸಿದೆವು. ಒಂದೇ ತಟ್ಟೆಯಲ್ಲಿ ಢೋಕ್ಲಾ, ನೀರ್‌ದೋಸೆ. ಮಾತೆಲ್ಲ ಹಿಂದಿ ಮರಾಠಿಯ ಬೆರಕೆ. ಸೋಮವಾರ ಡಬ್ಬಿ ಖಾಲಿಯಾಗಿ ಬಂತು.

ಆ ಸ್ನೇಹ ಹಾಗೆಯೇ ಉಳಿಯಿತು ಎಂದು ಹೇಳಲಾರೆ. ಏಳನೆಯ ತರಗತಿಯ ಹೊತ್ತಿಗೆ ಭಾನುವಾರಗಳು ಕಡಿಮೆಯಾದವು. ಹೊಸ ಗೆಳತಿಯರು ಬಂದರು. ಆದರೆ ಅದು ತಾನಾಗಿ ಸಡಿಲವಾಯಿತು, ಯಾರೂ ಕತ್ತರಿಸಲಿಲ್ಲ. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಾಗುತ್ತದೆ.

ಸಹೋದರಿಯರೇ, ಶಾಲೆ ಆರಿಸುವಾಗ ಫೀಸು, ಬೋರ್ಡು, ಬಸ್ಸು ಎಲ್ಲ ವಿಚಾರಿಸುತ್ತೇವೆ. “ನಿನ್ನ ಜೊತೆ ಯಾರು ಬರುತ್ತಾರೆ?” ಎಂದು ಮಗುವನ್ನು ಕೇಳುವುದಿಲ್ಲ. ಇನ್ನು ಮುಂದೆ ಕೇಳೋಣ. ಬೀಳ್ಕೊಡುವ ಮೊದಲು ಗೆಳೆಯರ ಮನೆಯ ಫೋನ್ ನಂಬರ್ ಬರೆದಿಟ್ಟುಕೊಳ್ಳೋಣ. ಮೊದಲ ತಿಂಗಳು ಅಂಕಗಳ ಮಾತು ಬಿಟ್ಟು, ಊಟಕ್ಕೆ ಯಾರ ಪಕ್ಕ ಕುಳಿತೆ ಎಂದು ವಿಚಾರಿಸೋಣ. ಶಾಲೆ ಬದಲಿಸುವ ನಮ್ಮ ಮಕ್ಕಳನ್ನು ಪ್ರತಿ ಜೂನ್‌ನಲ್ಲಿ ಒಂದು ಸಂಜೆ ಈ ಸಭಾಗೃಹದಲ್ಲಿ ಸೇರಿಸಲು ಮಹಿಳಾ ವಿಭಾಗ ಮನಸ್ಸು ಮಾಡಲಿ. ತಿಂಡಿಯ ಜವಾಬ್ದಾರಿ ನನ್ನದು.

ಡಬ್ಬಿ ಅರ್ಧ ಉಳಿದು ಬಂದರೆ ಗದರಬೇಡಿ, ಕಾರಣ ಕೇಳಿ.