ದವಾಖಾನಿಯೂ ಸಹಕಾರದ ಕೆಲಸವೇ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭದಿನ ನಾವು ಬೀಜ, ಗೊಬ್ಬರದ ಮಾತು ಸ್ವಲ್ಪ ಬದಿಗಿಟ್ಟು ದವಾಖಾನಿಯ ಮಾತು ಆಡುತ್ತೇವೆ. ಯಾಕಂದ್ರ, ಬೆಳೆಸಾಲ ತೀರಿಸಿದ ರೈತ ಒಂದು ಆಪರೇಷನ್ನಿಗೆ ಎತ್ತು ಮಾರಿದ್ದನ್ನು ನಾವೆಲ್ಲ ಕಂಡೇವಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತರು ಒಬ್ಬರಿಗೊಬ್ಬರು ಆಸರೆಯಾಗಲಿ ಎಂದು. ಅದೇ ತತ್ವ 2003ರಲ್ಲಿ ‘ಯಶಸ್ವಿನಿ’ಯಾಗಿ ಬಂತು. ಡಾ. ದೇವಿ ಶೆಟ್ಟಿಯವರ ವಿಚಾರ, ಸರ್ಕಾರದ ನೆರವು, ಸಹಕಾರ ಸಂಘಗಳ ದುಡಿಮೆ ಮೂರೂ ಕೂಡಿದವು. ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎಲ್ಲರೂ ಒಂದೇ ವರ್ಷ ಹಾಸಿಗೆ ಹಿಡಿಯೂದಿಲ್ಲ. ಅದಕ್ಕೇ ಈ ಲೆಕ್ಕ ನಡೀತು.

2018ರಲ್ಲಿ ಅದನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಸಿದರು. ಅಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೆ ದರದ ಶೇಕಡಾ 30 ಮಾತ್ರ. ಎರಡೆಕರೆ ಒಣಬೇಸಾಯದ ರೈತನ ಕೈಗೆ ಎಪಿಎಲ್ ಕಾರ್ಡ್ ಬಂದಿದ್ದರೆ ಉಳಿದ 70 ಎಲ್ಲಿಂದ ತರಬೇಕು? 2023ರ ಜನವರಿಯಿಂದ ಯಶಸ್ವಿನಿ ಚಿಕಿತ್ಸೆ ಮತ್ತೆ ಸುರುವಾಯಿತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ಇಟ್ಟರು. ಸಂತೋಷ. ಆದರೆ ಯಾವ ಸಂಘದ ಸದಸ್ಯತ್ವವೂ ಇಲ್ಲದವರಿಗೆ ಇದು ಇಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆಯ ತಿಂಗಳ ಖರ್ಚೂ ಇದರೊಳಗ ಬರೂದಿಲ್ಲ.

“ಪುಕ್ಕಟೆ ಕೊಟ್ರ ಬೆಲೆ ಇರೂದಿಲ್ರೀ, ರೊಕ್ಕ ಕಟ್ಟಿದವರಿಗಷ್ಟೇ ಕೊಡ್ರಿ” ಎಂದು ನಮ್ಮ ಸಭೆಗಳಲ್ಲೇ ಕೆಲವರು ವಾದ ಮಾಡುತ್ತಾರೆ. ಪುಕ್ಕಟೆ ಅಂತ ಯಾರಾದರೂ ಹೊಟ್ಟಿ ಕೊಯ್ಸಿಕೊಳ್ತಾರೇನ್ರಿ? ನಮ್ಮ ಹೊಲದಾಗ ಕಳೆ ತೆಗೆಯುವ ಕೂಲಿಯವನ ಕ್ಷಯರೋಗಕ್ಕೆ ಔಷಧಿ ಸಿಗದಿದ್ದರೆ ಅದು ನಮ್ಮ ಮಕ್ಕಳಿಗೂ ತಗಲುತ್ತದೆ. ಹಣ ಕೊಡಲಾರನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ಭೋರ್ ಸಮಿತಿ 1946ರಲ್ಲೇ ವರದಿ ಕೊಟ್ಟಿತ್ತು.

ಕಾರ್ಡ್ ಒಂದೇ ಸಾಲದು. ಸಣ್ಣ ಜ್ವರಕ್ಕೂ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಯಿತು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು, ಗುಳಿಗೆ ಎರಡೂ ಸಿಗಬೇಕು.

ಆದ್ದರಿಂದ ನಮ್ಮ ವಿನಂತಿ ಮೂರು: ಯಶಸ್ವಿನಿ ನೋಂದಣಿಯ ಅವಧಿ ತಪ್ಪಿಸಬೇಡಿರಿ. ಪ್ರತಿಯೊಬ್ಬ ಸದಸ್ಯರೂ ಹೊರಗುಳಿದ ಒಂದು ಕೂಲಿ ಮನೆಯವರನ್ನು ಸಂಘಕ್ಕೆ ಕರೆತರಬೇಕು. ಗ್ರಾಮಸಭೆಯಲ್ಲಿ ನಮ್ಮ ಆರೋಗ್ಯ ಕೇಂದ್ರದ ವಿಷಯ ಎಲ್ಲರೂ ಕೂಡಿ ಎತ್ತಬೇಕು. ಗೊಬ್ಬರ ಬರದಿದ್ದಾಗ ಕೂಡಿ ಕೇಳಿದವರು ನಾವು. ಔಷಧಿಗೂ ಹಂಗ ಕೇಳೋಣ.