ಊರಲ್ಲಿ ಉಳಿಯುವ ವಿದ್ಯೆ



ಬಡವರ ನಡುವೆ ದುಡಿದ ಕ್ಯಾಥೊಲಿಕ್ ಮಿಷನರಿ ಸೋದರಿಯರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ರೂಢಿಯಲ್ಲಿದೆ. ಒಂದು, ಅವರನ್ನು ತ್ಯಾಗಮೂರ್ತಿಗಳೆಂದು ಕೈಮುಗಿದು ಮುಂದೆ ಸಾಗುವುದು. ಇನ್ನೊಂದು, ಸೇವೆಯ ಸೋಗಿನಲ್ಲಿ ಮತಪ್ರಚಾರಕ್ಕೆ ಬಂದವರೆಂದು ತಳ್ಳಿಹಾಕುವುದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡೂ ಕೇಳುವುದು ಆ ಸೋದರಿ ಯಾಕೆ ಬಂದಳು ಎಂಬುದನ್ನು ಮಾತ್ರ. ಆಕೆ ಏನು ಮಾಡಿದಳು, ಆಕೆ ಹೋದ ಮೇಲೆ ಊರಿನವರ ಕೈಯಲ್ಲಿ ಏನು ಉಳಿಯಿತು ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ಈ ವಿಚಾರಸಂಕಿರಣದ ಮುಂದೆ ನಾನಿಡುವ ವಾದ ಇಷ್ಟೆ: ತ್ಯಾಗ ಈ ಸೇವೆಯ ಮೂಲಧನ, ನಿಜ. ಆದರೆ ಅದರ ಫಲವನ್ನು ಅಳೆಯಬೇಕಾದದ್ದು ಎಷ್ಟು ವಿದ್ಯೆ ಸ್ಥಳೀಯರ ಕೈಗೆ ದಾಟಿತು ಎಂಬುದರಿಂದ. ವಿದ್ಯೆ ಕೂಡಿದಲ್ಲಿ ಸೇವೆ ಜೀವ ಉಳಿಸಿದೆ. ವಿದ್ಯೆಯಿಲ್ಲದೆ, ಹೇಳುವವರು ಕೇಳುವವರಿಲ್ಲದೆ ನಡೆದಲ್ಲಿ ಜೀವಕ್ಕೆ ಎರವಾದದ್ದೂ ಉಂಟು. ವೈದ್ಯಸೇವೆಯ ಇತಿಹಾಸ ಇವೆರಡಕ್ಕೂ ಸಾಕ್ಷಿ ಒದಗಿಸುತ್ತದೆ.

20ನೇ ಶತಮಾನದ ಆರಂಭದಲ್ಲಿ ಈ ವಿದ್ಯೆಗೆ ಅಡ್ಡ ನಿಂತದ್ದು ಧರ್ಮಸಭೆಯದೇ ಕಟ್ಟಳೆ. ವ್ರತ ತೊಟ್ಟವರು ವೈದ್ಯವೃತ್ತಿ ನಡೆಸಬೇಕಾದರೆ ರೋಮಿನ ವಿಶೇಷ ಅಪ್ಪಣೆ ಬೇಕಿತ್ತು. ಹೆರಿಗೆ ಮಾಡಿಸುವುದಂತೂ ಕನ್ಯಾಸ್ತ್ರೀಯರಿಗೆ ತಕ್ಕ ಕೆಲಸವಲ್ಲ ಎಂಬ ಭಾವನೆ ಬಲವಾಗಿತ್ತು. ಈ ಕಟ್ಟಳೆಗೆ ಬೆಲೆ ತೆತ್ತವರು ರೋಮಿನಿಂದ ಬಹುದೂರದ ಹೆಂಗಸರು. ರಾವಲ್ಪಿಂಡಿಯ ಪರ್ದಾ ಪಾಲಿಸುವ ಮನೆಗಳಲ್ಲಿ ಗಂಡು ಡಾಕ್ಟರು ಒಳಗೆ ಕಾಲಿಡುವಂತಿರಲಿಲ್ಲ. ಊರಲ್ಲಿ ಆಸ್ಪತ್ರೆಯಿದ್ದರೂ ಕಷ್ಟದ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಸಾಯುತ್ತಿದ್ದರು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮ್ಯಾಕ್ಲಾರನ್ ಇಳಿವಯಸ್ಸಿನಲ್ಲಿ ಇದನ್ನು ಮನಗಂಡು ಅಲ್ಲಿ ಹೆಂಗಸರಿಗೂ ಮಕ್ಕಳಿಗೂ ಸೇಂಟ್ ಕ್ಯಾಥರೀನ್ ಆಸ್ಪತ್ರೆ ಕಟ್ಟಿದರು. ಧರ್ಮಭಗಿನಿಯರಿಗೆ ವೈದ್ಯ ಕಲಿಯಲು ಬಿಡಿ ಎಂದು ರೋಮಿಗೆ ಮೇಲಿಂದ ಮೇಲೆ ಮನವಿ ಸಲ್ಲಿಸಿದರು. 1913ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಮನವಿಗೆ ಫಲ ಸಿಗಲಿಲ್ಲ. ಅವರ ಹಾದಿ ಹಿಡಿದ ಆಸ್ಟ್ರಿಯಾದ ಆನಾ ಡೆಂಗೆಲ್ ಐರ್ಲೆಂಡಿನ ಕಾರ್ಕಿನಲ್ಲಿ ವೈದ್ಯಪದವಿ ಪಡೆದು 1920ರಲ್ಲಿ ರಾವಲ್ಪಿಂಡಿಗೆ ಬಂದರು. 1925ರಲ್ಲಿ ಇನ್ನೊಬ್ಬ ವೈದ್ಯೆ ಮತ್ತು ಇಬ್ಬರು ನರ್ಸುಗಳೊಂದಿಗೆ ವಾಷಿಂಗ್ಟನ್‌ನಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸ್ಥಾಪಿಸಿದರು. ವೈದ್ಯವನ್ನು ಬಿಡಲೊಪ್ಪದ ಕಾರಣ ಹತ್ತು ವರ್ಷಕ್ಕೂ ಮಿಕ್ಕಿ ಅವರು ಸಾರ್ವಜನಿಕ ವ್ರತಗಳಿಲ್ಲದೆಯೇ ಬಾಳಿದರು. ಕೊನೆಗೆ 1936ರ ಫೆಬ್ರವರಿಯಲ್ಲಿ ರೋಮ್ ಕಟ್ಟಳೆ ಸಡಿಲಿಸಿತು. ಹೆರಿಗೆ ಶಾಸ್ತ್ರ ಸೇರಿದಂತೆ ವೈದ್ಯಕೀಯವನ್ನು ಕಲಿಯುವಂತೆ ಸೋದರಿಯರನ್ನು ತಾನೇ ಪ್ರೋತ್ಸಾಹಿಸಿತು. ವಿಧೇಯತೆಯ ವ್ರತವೆಂದರೆ ಬಾಯಿಮುಚ್ಚಿಕೊಂಡಿರುವುದು ಎಂದುಕೊಂಡವರು ಈ ಅಧ್ಯಾಯವನ್ನು ಓದಬೇಕು. ಪರ್ದಾದ ಹಿಂದಿದ್ದ ತಾಯಂದಿರ ಪರವಾಗಿ ತಮ್ಮದೇ ಧರ್ಮಸಭೆಯೊಡನೆ ವಾದಿಸಿ ಗೆದ್ದವರು ಇವರು.

ರೋಮಿನ ಬಾಗಿಲು ಎಲ್ಲರಿಗೂ ತೆರೆಯುವ ಮೊದಲೇ ವಿಶೇಷ ಅಪ್ಪಣೆ ಪಡೆದು ಧರ್ಮಭಗಿನಿಯಾಗಿಯೇ ವೈದ್ಯವೃತ್ತಿ ನಡೆಸಿದವರು ಆಸ್ಟ್ರೇಲಿಯಾದ ಮೇರಿ ಗ್ಲೌರಿ. ಆಗ್ನೆಸ್ ಮ್ಯಾಕ್ಲಾರನ್ ಕುರಿತ ಒಂದು ಕಿರುಹೊತ್ತಗೆಯನ್ನೂ ಭಾರತದ ಶಿಶುಮರಣದ ಸಂಗತಿಯನ್ನೂ ಓದಿ, ಮೆಲ್ಬರ್ನ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿಯನ್ನು ಬಿಟ್ಟು 1920ರಲ್ಲಿ ಗುಂಟೂರಿಗೆ ಬಂದರು. ಬರುವ ಮೊದಲು ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರ ಚಿಕಿತ್ಸೆಯಲ್ಲಿ ಎಂ.ಡಿ. ಮುಗಿಸಿಕೊಂಡಿದ್ದರು ಎಂಬುದನ್ನು ಗಮನಿಸಬೇಕು. ಬಡವರಿಗೆ ಅರೆಬರೆ ವಿದ್ಯೆ ಸಾಕು ಎಂಬ ಉಡಾಫೆ ಅವರಲ್ಲಿರಲಿಲ್ಲ. ಗುಂಟೂರಿನಲ್ಲಿ ಅವರು ರೋಗಿಗಳನ್ನು ನೋಡಿದ್ದಷ್ಟೇ ಅಲ್ಲ, ಸ್ಥಳೀಯ ಹೆಣ್ಣುಮಕ್ಕಳನ್ನು ಔಷಧ ಕೊಡುವವರಾಗಿ, ಸೂಲಗಿತ್ತಿಯರಾಗಿ, ನರ್ಸುಗಳಾಗಿ ತರಬೇತುಗೊಳಿಸಿದರು. 1943ರಲ್ಲಿ ಚದುರಿಹೋಗಿದ್ದ ಮಿಷನ್ ಆಸ್ಪತ್ರೆಗಳನ್ನು ಒಗ್ಗೂಡಿಸಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು. ಈ ದೇಶದವರೇ ವೈದ್ಯರಾಗಬೇಕು, ಅದಕ್ಕೊಂದು ವೈದ್ಯಕೀಯ ಕಾಲೇಜು ಬೇಕು ಎಂಬುದು ಅವರ ಹಂಬಲವಾಗಿತ್ತು. ಅವರು 1957ರಲ್ಲಿ ಕಣ್ಣುಮುಚ್ಚಿದ್ದು ನಮ್ಮ ಬೆಂಗಳೂರಿನಲ್ಲೇ. ಆರು ವರ್ಷಗಳ ಬಳಿಕ, 1963ರಲ್ಲಿ, ಇದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿ ಕಲಿತ ಡಾಕ್ಟರುಗಳು ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಕೆಲಕಾಲ ದುಡಿಯಬೇಕೆಂಬ ನಿಯಮ ಆ ಹಂಬಲದ್ದೇ ಮುಂದುವರಿಕೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇದೆಲ್ಲ ಮತಾಂತರಕ್ಕೆ ಹಾಕಿದ ಅಡಿಪಾಯವಲ್ಲವೇ? ಮತಪ್ರಚಾರದ ಆಸೆ ಮಿಷನರಿ ಇತಿಹಾಸದಲ್ಲಿ ಇರಲೇ ಇಲ್ಲವೆಂದರೆ ಸುಳ್ಳಾದೀತು. ವಸಾಹತು ಆಡಳಿತದ ನೆರಳಿನಲ್ಲಿ ಅನೇಕ ಸಂಸ್ಥೆಗಳು ಬೆಳೆದವೆಂಬುದೂ ದಿಟ. ಆದರೆ ಈ ಆಕ್ಷೇಪ ಎಲ್ಲವನ್ನೂ ವಿವರಿಸುತ್ತದೆಯೇ ಎಂದು ಕರಾಚಿಯನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ. ಜರ್ಮನಿಯ ವೈದ್ಯೆ, ಧರ್ಮಭಗಿನಿ ರೂತ್ ಫಾವ್ 1960ರಲ್ಲಿ ಅಲ್ಲಿಗೆ ಬಂದು ಕುಷ್ಠರೋಗಿಗಳ ಕೊಳೆಗೇರಿಯಲ್ಲಿ ಕೆಲಸ ಶುರುಮಾಡಿದರು. ಕುಷ್ಠ ಒಬ್ಬ ಡಾಕ್ಟರು ಕೂತಲ್ಲೇ ಕೂತು ಗೆಲ್ಲುವ ರೋಗವಲ್ಲ. ಯಾರಾದರೂ ಮನೆಮನೆಗೆ ಹೋಗಬೇಕು, ಮೈಮೇಲಿನ ಮಾಸಲು ಮಚ್ಚೆಗೆ ಹತ್ತಿಯ ಎಳೆ ಸೋಕಿಸಿ ಸ್ಪರ್ಶ ತಿಳಿಯುತ್ತದೆಯೇ ಎಂದು ಕೇಳಬೇಕು, ಮೊಣಕೈಯ ಬಳಿ ನರ ದಪ್ಪಗಾಗಿದೆಯೇ ಎಂದು ಬೆರಳಿನಿಂದ ನೋಡಬೇಕು, ತಿಂಗಳುಗಟ್ಟಲೆ ಮಾತ್ರೆ ತಪ್ಪದಂತೆ ಬೆನ್ನುಹತ್ತಬೇಕು. ಈ ಕೆಲಸಕ್ಕೆ ಅವರು ತಯಾರು ಮಾಡಿದ್ದು ಪಾಕಿಸ್ತಾನದವರನ್ನೇ. ರೋಗ ವಾಸಿಯಾದ ಕೆಲವರೂ ಅವರಲ್ಲಿದ್ದರು. ಸರ್ಕಾರದೊಡನೆ ಕೈಜೋಡಿಸಿ ದೇಶವ್ಯಾಪಿ ಕಾರ್ಯಕ್ರಮ ರೂಪಿಸಿದರು. 1996ರಲ್ಲಿ ಪಾಕಿಸ್ತಾನದಲ್ಲಿ ಕುಷ್ಠ ಹತೋಟಿಗೆ ಬಂದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. 2017ರಲ್ಲಿ ಅವರು ತೀರಿಕೊಂಡಾಗ ಆ ಮುಸ್ಲಿಂ ರಾಷ್ಟ್ರ ಸಕಲ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿತು. ನಂಬಿಕೆ ಆಕೆಯನ್ನು ಅಲ್ಲಿಗೆ ಕರೆತಂದಿರಬಹುದು. ಆದರೆ ಚಿಕಿತ್ಸೆಗೆ ನಂಬಿಕೆಯ ಷರತ್ತು ಇರಲಿಲ್ಲ. ಒಂದು ಸಂಸ್ಥೆಗೆ ನಾವು ಕೇಳಬೇಕಾದ ಪ್ರಶ್ನೆ ಇದೇ: ಔಷಧಕ್ಕೆ, ಅಕ್ಷರಕ್ಕೆ ಷರತ್ತು ಹಾಕಿದಿರಾ? ಉತ್ತರ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ, ದಾಖಲೆ ನೋಡಿಯೇ ತೀರ್ಮಾನಿಸಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಸೇವೆಯ ಹೆಸರಿನಲ್ಲಿ ಆದ ಹಾನಿಯ ಕತೆಯೇನು? ಕಾಂಗೋದ ಯಾಂಬುಕುವಿನಲ್ಲಿ ಬೆಲ್ಜಿಯಂ ಸೋದರಿಯರು ದುಡಿಯುತ್ತಿದ್ದ ಮಿಷನ್ ಆಸ್ಪತ್ರೆಯಲ್ಲಿ ಡಾಕ್ಟರೇ ಇರಲಿಲ್ಲ. ಪ್ರತಿ ಬೆಳಗ್ಗೆ ಐದು ಸಿರಿಂಜುಗಳನ್ನು ತೆಗೆದಿಟ್ಟು, ಒಬ್ಬರಿಗೆ ಚುಚ್ಚಿದ್ದನ್ನು ಬೆಚ್ಚನೆಯ ನೀರಿನಲ್ಲಿ ಅಲುಬಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. 1976ರಲ್ಲಿ ಎಬೋಲಾ ಹಬ್ಬಲು ಆ ಸೂಜಿಗಳೇ ಮುಖ್ಯ ದಾರಿಯಾದವು. 318 ಮಂದಿಗೆ ಸೋಂಕು ತಗಲಿ 280 ಮಂದಿ ಸತ್ತರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಉಳಿಯಲಿಲ್ಲ. ರೋಗಿಗಳನ್ನು ಬಿಟ್ಟೋಡದೆ ಸತ್ತ ಸೋದರಿಯರ ನಿಷ್ಠೆ ದೊಡ್ಡದು, ಆದರೆ ನಿಷ್ಠೆ ಸೂಜಿಯನ್ನು ಶುದ್ಧಗೊಳಿಸಲಿಲ್ಲ. ಐರ್ಲೆಂಡಿನ ಮ್ಯಾಗ್ಡಲೀನ್ ಲಾಂಡ್ರಿಗಳದ್ದು ಇನ್ನೂ ಕರಾಳ ಕತೆ. ಹೆಣ್ಣುಮಕ್ಕಳನ್ನು ಕೂಡಿಹಾಕಿ ಸಂಬಳವಿಲ್ಲದೆ ದುಡಿಸಿಕೊಂಡ ಆ ಮನೆಗಳನ್ನು ನಡೆಸಿದ್ದು ಧರ್ಮಭಗಿನಿಯರ ಸಂಸ್ಥೆಗಳೇ. 2013ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಬೇಕಾಯಿತು. ಇವನ್ನು ಅಪವಾದಗಳೆಂದು ಬದಿಗೆ ಸರಿಸುವುದು ಸರಿಯಲ್ಲ. ಒಂದೆಡೆ ತರಬೇತಿಯೂ ಸಲಕರಣೆಯೂ ಇರಲಿಲ್ಲ. ಇನ್ನೊಂದೆಡೆ ಒಳಗಿದ್ದವರಿಗೆ ಪ್ರಶ್ನಿಸುವ ಹಕ್ಕಿರಲಿಲ್ಲ, ಹೊರಗಿನವರು ಇಣುಕಿ ನೋಡಲಿಲ್ಲ. ಸೇವೆ ಪವಿತ್ರವೆಂಬ ಕಾರಣಕ್ಕೆ ಅದನ್ನು ಲೆಕ್ಕ ಕೇಳದೆ ಬಿಟ್ಟರೆ ಆಗುವುದು ಇದೇ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಬಿಗಿಗೊಳಿಸುತ್ತದೆ.

ಮೂರನೆಯದು ಪ್ರಗತಿಪರ ವಲಯದ ಆಕ್ಷೇಪ: ದಾನಧರ್ಮ ಬಡತನದ ಬೇರನ್ನು ಮುಟ್ಟುವುದಿಲ್ಲ, ಸರ್ಕಾರ ಹೊಣೆಯಿಂದ ಜಾರಿಕೊಳ್ಳಲು ನೆರವಾಗುತ್ತದೆ. ಬರೀ ಅನ್ನ, ಬಟ್ಟೆ ಹಂಚುವ ಸೇವೆಗೆ ಈ ಮಾತು ಒಪ್ಪುತ್ತದೆ. ಆದರೆ ಕಳೆದ ಅರ್ಧ ಶತಮಾನದಲ್ಲಿ ಅನೇಕ ಸೋದರಿಯರು ದಾನದಿಂದ ಹಕ್ಕಿನ ಕಡೆಗೆ ಹೆಜ್ಜೆಯಿಟ್ಟಿದ್ದಾರೆ. ಮಧ್ಯಪ್ರದೇಶದ ಉದಯನಗರ ಸುತ್ತಿನ ಕೃಷಿಕೂಲಿಗಳನ್ನು ಸಾಲದ ಹಿಡಿತದಿಂದ ಬಿಡಿಸಲು ಸಂಘಟಿಸಿದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರಲ್ಲಿ ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದಾಗ ಇರಿದು ಕೊಂದರು. ಬ್ರೆಜಿಲ್ಲಿನ ಅಮೆಜಾನ್ ಕಾಡಿನಲ್ಲಿ ಸಣ್ಣ ರೈತರ ಭೂಮಿಗಾಗಿ ನಿಂತ ಸಿಸ್ಟರ್ ಡೊರೊತಿ ಸ್ಟ್ಯಾಂಗ್ ಅವರನ್ನು 2005ರಲ್ಲಿ ಗುಂಡಿಟ್ಟು ಕೊಂದರು. ಬರೀ ಗಂಜಿ ಹಂಚುತ್ತಿದ್ದರೆ ಇವರ ಮೇಲೆ ಯಾರೂ ಕೈಯೆತ್ತುತ್ತಿರಲಿಲ್ಲ. ತನ್ನ ಹಕ್ಕೇನೆಂದು ಕೂಲಿಯವನಿಗೆ ತಿಳಿಸಿಕೊಡುವುದೂ ಊರಲ್ಲಿ ಉಳಿಯುವ ವಿದ್ಯೆಯೇ; ಅದರಿಂದ ನಷ್ಟವಾಗುವವರಿಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಯಿತು.

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. 1870ರಲ್ಲಿ ಮಂಗಳೂರಿಗೆ ಬಂದ ಅಪೊಸ್ತಲಿಕ್ ಕಾರ್ಮೆಲ್ ಸೋದರಿಯರು 1921ರ ಹೊತ್ತಿಗೆ ಅಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನೇ ತೆರೆದಿದ್ದರು. ಅದೇ 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಬೆಥನಿ ಸೋದರಿಯರ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರಿಂದ ಗುಡ್ ಶೆಫರ್ಡ್ ಸೋದರಿಯರ ಕೈಯಲ್ಲಿ ಬೆಳೆದದ್ದು. ಹಿಂದೆ ಸೋದರಿಯರು ಯುರೋಪಿನಿಂದ ಇಲ್ಲಿಗೆ ಬರುತ್ತಿದ್ದರು. ಇಂದು ಕರಾವಳಿಯ, ಕೇರಳದ ಹೆಣ್ಣುಮಕ್ಕಳು ಆಫ್ರಿಕಾದ ಹಳ್ಳಿಗಳಿಗೆ ಹೋಗುತ್ತಿದ್ದಾರೆ. ಯುರೋಪಿನಲ್ಲಿ ಮಠ ಸೇರುವವರ ಸಂಖ್ಯೆ ಕುಸಿದು ಹಳೆಯ ಸಂಸ್ಥೆಗಳು ಬಾಗಿಲು ಹಾಕುತ್ತಿವೆ. ಹೀಗಿರುವಾಗ ಸೋದರಿಯರಿಲ್ಲದ ಮೇಲೂ ಏನು ನಿಲ್ಲುತ್ತದೆ ಎಂಬುದು ತೀರ್ಮಾನವಾಗಬೇಕಾದ ಕಾಲವಿದು.

ಇಷ್ಟಾದರೂ ಈ ಹೆಣ್ಣುಮಕ್ಕಳ ಕೆಲಸದ ಬಗ್ಗೆ ಕನ್ನಡದಲ್ಲಿ ಆಗಬೇಕಾದಷ್ಟು ಅಧ್ಯಯನ ಆಗಿಲ್ಲ. ಕಾನ್ವೆಂಟುಗಳ ದಿನಚರಿ ಪುಸ್ತಕ, ಆಸ್ಪತ್ರೆಗಳ ಹೆರಿಗೆ ದಾಖಲೆ, ನರ್ಸಿಂಗ್ ಶಾಲೆಗಳ ಹಾಜರಿಪಟ್ಟಿ ನಮ್ಮ ಇತಿಹಾಸದ ಆಕರಗಳಾಗಬೇಕು. ಸೋದರಿಯರಿಂದ ಕಲಿತವರ, ಚಿಕಿತ್ಸೆ ಪಡೆದವರ, ನೊಂದವರ ಮಾತುಗಳನ್ನೂ ಅವರು ಬದುಕಿರುವಾಗಲೇ ದಾಖಲಿಸಬೇಕು. ಸಂಸ್ಥೆಗಳು ತಮ್ಮ ಕಪಾಟುಗಳನ್ನು ಸಂಶೋಧಕರಿಗೆ ತೆರೆಯಬೇಕು. ಸಂಶೋಧಕರು ಭಕ್ತಿಯನ್ನೂ ಪೂರ್ವಗ್ರಹವನ್ನೂ ಬದಿಗಿಟ್ಟು ಓದಬೇಕು. ಈ ಎರಡು ದಿನಗಳಲ್ಲಿ ಮಂಡನೆಯಾಗುವ ಪ್ರತಿ ಪ್ರಬಂಧಕ್ಕೂ ನಾವು ಮೂರು ಪ್ರಶ್ನೆ ಹಾಕೋಣ: ಇಲ್ಲಿ ಯಾವ ವಿದ್ಯೆ ಯಾರ ಕೈಗೆ ದಾಟಿತು? ಅದಕ್ಕೆ ಷರತ್ತು ಇತ್ತೇ? ತಪ್ಪಾದಾಗ ಲೆಕ್ಕ ಕೇಳುವ ಹಕ್ಕು ಬಡವರಿಗಿತ್ತೇ? ಈ ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಹುಡುಕುವುದೇ ಆ ಸೋದರಿಯರಿಗೆ ಸಲ್ಲಬೇಕಾದ ಗೌರವ. ಅವರು ಯಾರಿಗಾಗಿ ದುಡಿದರೋ ಆ ಜನರಿಗೆ ನಾವು ತೀರಿಸಬೇಕಾದ ಋಣವೂ ಹೌದು.